ಹಿತ್ತಿಲ ಕೋಳಿಗಳಲ್ಲಿ ಗುದದ್ವಾರ ಮತ್ತು ಅಂಡನಾಳದ ತೊಂದರೆಗಳು

ಪುಣೆಯಿಂದ ಅಹಿಲ್ಯಾನಗರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರು ದೂರದಲ್ಲಿ ಶಿರೂರು ತಾಲ್ಲೂಕಿಗೆ ಸೇರಿದ ರಾಂಜಣಗಾಂವ ಎಂಬ ಗ್ರಾಮವಿದೆ. ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಮಹಾಗಣಪತಿ ದೇವಾಲಯದಿಂದ ಈ ಊರು ಪ್ರಸಿದ್ಧವಾಗಿದೆ. ಇಂದು ಇಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವೂ ಇದೆ. ಮಳೆ ಕಡಿಮೆ ಇರುವ ಈ ತಾಲ್ಲೂಕಿನಲ್ಲಿ ಕೃಷಿಯೊಂದನ್ನೇ ನೆಚ್ಚಿ ಬದುಕುವುದು ಸುಲಭವಲ್ಲ. ಆದುದರಿಂದ ಹೊಲದ ಬದಿಯಲ್ಲಿ ಅಥವಾ ಮನೆಯ ಹಿತ್ತಿಲಿನಲ್ಲಿ ಸಾಕುವ ನಾಲ್ಕಾರು ಕೋಳಿಗಳಿಗೆ ಇಂತಹ ಊರುಗಳಲ್ಲಿ ವಿಶೇಷ ಬೆಲೆಯುಂಟು. ಮರಾಠಿಯಲ್ಲಿ 'ಗಾವರಾನ್' ಎಂದು ಕರೆಯಲಾಗುವ ಈ ಕೋಳಿಯನ್ನೇ ಉತ್ತರ ಕರ್ನಾಟಕದಲ್ಲಿ 'ಜವಾರಿ' ಎಂದೂ ದಕ್ಷಿಣದ ಜಿಲ್ಲೆಗಳಲ್ಲಿ 'ನಾಟಿ' ಎಂದೂ ಕರೆಯುವರು. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯವು ರೂಪಿಸಿದ 'ಗಿರಿರಾಜ' ತಳಿಯು ಮಹಾರಾಷ್ಟ್ರದ ಹಿತ್ತಿಲುಗಳನ್ನೂ ತಲುಪಿದೆ. ಎರಡೂ ರಾಜ್ಯಗಳ ಗೃಹಿಣಿಯರು ಎದುರಿಸುವ ಸಮಸ್ಯೆಗಳು ಬಹುಮಟ್ಟಿಗೆ ಒಂದೇ ಆಗಿವೆ.

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಿಲಿನಲ್ಲಿ ಸಾಕಿದ ಕೋಳಿ ಮತ್ತಿತರ ಸಾಕು ಹಕ್ಕಿಗಳ ಸಂಖ್ಯೆ ಸುಮಾರು 31.7 ಕೋಟಿ. ಹಿಂದಿನ ಗಣತಿಗೆ ಹೋಲಿಸಿದರೆ ಇದು ಶೇಕಡ 45ಕ್ಕೂ ಹೆಚ್ಚಿನ ಏರಿಕೆ. ಈ ಕೋಳಿಗಳ ಆರೈಕೆಯನ್ನು ಹೆಚ್ಚಾಗಿ ಹೆಂಗಸರೇ ನೋಡಿಕೊಳ್ಳುತ್ತಾರೆ. ಮೊಟ್ಟೆ ಮಾರಿ ಬಂದ ಹಣ ಮಕ್ಕಳ ಪುಸ್ತಕಕ್ಕೋ ಮನೆಯ ಔಷಧಿಗೋ ಒದಗುತ್ತದೆ. ಐದು ಹೇಟೆಗಳಿರುವ ಮನೆಯಲ್ಲಿ ಒಂದು ಸತ್ತರೆ ಆ ಆದಾಯದ ಐದನೆಯ ಒಂದು ಪಾಲು ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಮೊಟ್ಟೆಯಿಡುವ ಹೇಟೆಗಳ ಸಾವಿಗೆ ಗುದದ್ವಾರ ಮತ್ತು ಅಂಡನಾಳದ ತೊಂದರೆಗಳು ಒಂದು ಮುಖ್ಯ ಕಾರಣ. ಇವುಗಳಲ್ಲಿ ಅನೇಕವನ್ನು ಮೊದಲ ದಿನವೇ ಗುರುತಿಸಿದರೆ ಹೇಟೆಯನ್ನು ಉಳಿಸಿಕೊಳ್ಳಬಹುದು. ಮೂರನೆಯ ದಿನ ಗುರುತಿಸಿದರೆ ಔಷಧವಿದ್ದರೂ ಪ್ರಯೋಜನವಾಗದಿರಬಹುದು.

ಶರೀರ ರಚನೆ

ಕೋಳಿಯಲ್ಲಿ ಮಲ, ಮೂತ್ರ ಮತ್ತು ಮೊಟ್ಟೆ ಈ ಮೂರೂ ಹೊರಬರುವುದು ಒಂದೇ ದ್ವಾರದಿಂದ. ಇದನ್ನೇ ಇಲ್ಲಿ ಗುದದ್ವಾರ ಎಂದು ಕರೆಯಲಾಗಿದೆ. ಹೇಟೆಯ ಶರೀರದಲ್ಲಿ ಸಾಮಾನ್ಯವಾಗಿ ಎಡಭಾಗದ ಅಂಡಾಶಯ ಮತ್ತು ಅಂಡನಾಳ ಮಾತ್ರ ಬೆಳೆದು ಕೆಲಸಮಾಡುತ್ತವೆ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಭಂಡಾರವು ಅಂಡನಾಳದಲ್ಲಿ ಸಾಗುವಾಗ ಅದರ ಸುತ್ತ ಬಿಳಿಭಾಗ, ಪೊರೆ ಮತ್ತು ಚಿಪ್ಪು ಕ್ರಮವಾಗಿ ಸೇರುತ್ತವೆ. ಇದಕ್ಕೆ ಒಟ್ಟು 24ರಿಂದ 26 ಗಂಟೆಗಳು ಬೇಕು. ಅದರಲ್ಲಿ ಸುಮಾರು 20 ಗಂಟೆಗಳು ಚಿಪ್ಪು ಕಟ್ಟುವುದಕ್ಕೇ ಆಗುತ್ತವೆ.

ಮೊಟ್ಟೆಯಿಡುವ ಕ್ಷಣದಲ್ಲಿ ಅಂಡನಾಳದ ತುದಿಯು ಮೊಟ್ಟೆಯೊಂದಿಗೆ ದ್ವಾರದ ಹೊರಕ್ಕೆ ಮಗುಚಿಕೊಂಡು ಬಂದು, ಮೊಟ್ಟೆಯನ್ನು ಬಿಟ್ಟು, ಮತ್ತೆ ಒಳಗೆ ಸರಿಯುತ್ತದೆ. ಹೀಗಾಗುವುದರಿಂದಲೇ ಮೊಟ್ಟೆಗೆ ಮಲ ತಾಗುವುದಿಲ್ಲ. ಹೊರಬಂದ ಈ ಭಾಗವು ಯಾವುದೇ ಕಾರಣದಿಂದ ಒಳಗೆ ಹೋಗದೆ ಉಳಿದರೆ, ಅಥವಾ ಮೊಟ್ಟೆಯು ಅಲ್ಲಿಯವರೆಗೆ ಬಾರದೆ ಒಳಗೇ ನಿಂತರೆ, ತೊಂದರೆ ಆರಂಭವಾಗುತ್ತದೆ.

ಸಂಜೆಯ ಪರೀಕ್ಷೆ

ಕೋಳಿಗಳು ಸಂಜೆ ಗೂಡು ಸೇರುವ ಹೊತ್ತಿನಲ್ಲಿ ಅವುಗಳನ್ನು ಹಿಡಿಯುವುದು ಸುಲಭ. ವಾರಕ್ಕೆ ಒಮ್ಮೆಯಾದರೂ ಪ್ರತಿಯೊಂದು ಹೇಟೆಯನ್ನು ಕೈಗೆತ್ತಿಕೊಂಡು ಬಾಲದ ಕೆಳಗಿನ ಪುಕ್ಕಗಳನ್ನು ಸರಿಸಿ ನೋಡಬೇಕು. ಮೊಟ್ಟೆಯಿಡುತ್ತಿರುವ ಆರೋಗ್ಯವಂತ ಹೇಟೆಯ ಗುದದ್ವಾರವು ಅಗಲವಾಗಿ, ತೇವವಾಗಿ, ಮೃದುವಾಗಿರುತ್ತದೆ. ಮೊಟ್ಟೆ ನಿಲ್ಲಿಸಿದ ಹೇಟೆಯಲ್ಲಿ ಅದು ಚಿಕ್ಕದಾಗಿ, ಒಣಗಿ, ಮುದುಡಿಕೊಂಡಿರುತ್ತದೆ. ದ್ವಾರದ ಎರಡು ಪಕ್ಕಗಳಲ್ಲಿ ಕೈಗೆ ಸಿಗುವ ತೆಳುವಾದ ಮೂಳೆಗಳ ನಡುವೆ ಮೊಟ್ಟೆಯಿಡುವ ಹೇಟೆಯಲ್ಲಿ ಎರಡು ಮೂರು ಬೆರಳು ಹಿಡಿಯುವಷ್ಟು ಅಂತರವಿರುತ್ತದೆ.

ಪುಕ್ಕಕ್ಕೆ ಅಂಟಿದ ಬಿಳಿ ಅಥವಾ ಹಳದಿ ಕೊಳೆ, ದುರ್ವಾಸನೆ, ರಕ್ತದ ಕಲೆ, ಹೊರಚಾಚಿದ ಕೆಂಪು ಮಾಂಸ, ಪುಕ್ಕದ ಬುಡದಲ್ಲಿ ಕಾಣುವ ಹೇನಿನ ಸೀರುಗಳು, ಊದಿದ ಹೊಟ್ಟೆ ಇವುಗಳಲ್ಲಿ ಯಾವುದು ಕಂಡರೂ ಆ ಹೇಟೆಯನ್ನು ಕೂಡಲೇ ಬೇರ್ಪಡಿಸಬೇಕು. ಪರೀಕ್ಷೆಯ ನಂತರ ಸಾಬೂನು ಹಚ್ಚಿ ಕೈ ತೊಳೆಯುವುದನ್ನು ಮರೆಯಬಾರದು. ಕೋಳಿಯ ಮಲದಲ್ಲಿರುವ ಕೆಲವು ರೋಗಾಣುಗಳು ಮನುಷ್ಯರಿಗೂ, ಅದರಲ್ಲೂ ಚಿಕ್ಕ ಮಕ್ಕಳಿಗೆ, ವಾಂತಿಭೇದಿಯನ್ನು ಉಂಟುಮಾಡುತ್ತವೆ.

ಮೊಟ್ಟೆ ಸಿಕ್ಕಿಕೊಳ್ಳುವುದು

ಹೇಟೆಯು ಮತ್ತೆ ಮತ್ತೆ ಗೂಡಿಗೆ ಹೋಗಿ ಮುಕ್ಕುತ್ತದೆ; ಮೊಟ್ಟೆ ಬರುವುದಿಲ್ಲ. ಕ್ರಮೇಣ ಬಾಲವನ್ನು ಇಳಿಬಿಟ್ಟು, ಪುಕ್ಕಗಳನ್ನು ಕೆದರಿಕೊಂಡು, ನೆಟ್ಟಗೆ ಎದ್ದುನಿಂತ ಭಂಗಿಯಲ್ಲಿ ಮಂಕಾಗಿ ನಿಲ್ಲುತ್ತದೆ. ಉಸಿರಾಟದೊಂದಿಗೆ ಬಾಲವು ಮೇಲೆ ಕೆಳಗೆ ಆಡುತ್ತದೆ. ಮೇವು ಬಿಡುತ್ತದೆ, ಹಿಕ್ಕೆ ನಿಲ್ಲುತ್ತದೆ. ಹೊಟ್ಟೆಯ ಕೆಳಭಾಗವನ್ನು ಮೆಲ್ಲನೆ ಮುಟ್ಟಿದರೆ ಮೊಟ್ಟೆಯ ಗಡಸು ಅನೇಕ ವೇಳೆ ಕೈಗೆ ತಿಳಿಯುತ್ತದೆ.

ಮೊದಲ ಬಾರಿಗೆ ಮೊಟ್ಟೆಯಿಡುವ ಪ್ರಾಯಕ್ಕೆ ಮುನ್ನವೇ ಬಂದ ಎಳೆಯ ಹೇಟೆ, ಕೊಬ್ಬು ತುಂಬಿದ ಹೇಟೆ, ಸುಣ್ಣದಂಶದ ಕೊರತೆಯಿರುವ ಹೇಟೆ ಮತ್ತು ವಯಸ್ಸಾದ ಹೇಟೆ ಇವುಗಳಲ್ಲಿ ಈ ತೊಂದರೆ ಹೆಚ್ಚು. ಅಂಡನಾಳದ ಸ್ನಾಯುಗಳು ಮೊಟ್ಟೆಯನ್ನು ತಳ್ಳಲು ಸುಣ್ಣದಂಶ ಬೇಕೇಬೇಕು. ರಕ್ತದಲ್ಲಿ ಅದು ಕಡಿಮೆಯಾದರೆ ಸ್ನಾಯುಗಳು ಸೋಲುತ್ತವೆ.

ಇಂತಹ ಹೇಟೆಯನ್ನು ಶಾಂತವಾದ, ಮಬ್ಬು ಬೆಳಕಿನ, ಬೆಚ್ಚಗಿನ ಜಾಗದಲ್ಲಿಡಬೇಕು. ಅಗಲವಾದ ಪಾತ್ರೆಯಲ್ಲಿ ಉಗುರುಬೆಚ್ಚಗಿಗಿಂತ ಸ್ವಲ್ಪ ಹೆಚ್ಚು ಬಿಸಿಯಾದ, ಮೊಣಕೈಗೆ ಹಿತವೆನಿಸುವ ನೀರನ್ನು ತೆಗೆದುಕೊಂಡು, ಹೇಟೆಯ ಹೊಟ್ಟೆಯ ಕೆಳಭಾಗ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಬೇಕು. ಬಳಿಕ ಚೆನ್ನಾಗಿ ಒರಸಿ, ಸ್ವಚ್ಛವಾದ ಬೆರಳಿನಿಂದ ದ್ವಾರದ ಅಂಚಿಗೆ ಹರಳೆಣ್ಣೆ ಅಥವಾ ವ್ಯಾಸಲೀನನ್ನು ಸವರಬೇಕು. ಹೇಟೆಯು ಎಚ್ಚರವಾಗಿದ್ದು ತಾನಾಗಿ ನೀರು ಕುಡಿಯುತ್ತಿದ್ದರೆ ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಕ್ಯಾಲ್ಸಿಯಂ ದ್ರಾವಣವನ್ನು ಕುಡಿಸಬಹುದು. ತಲೆ ಎತ್ತಲಾರದಷ್ಟು ನಿಶ್ಶಕ್ತವಾದ ಹೇಟೆಯ ಬಾಯಿಗೆ ಏನನ್ನೂ ಸುರಿಯಬಾರದು. ಅದು ಶ್ವಾಸನಾಳಕ್ಕೆ ಹೋಗಿ ಪ್ರಾಣಕ್ಕೆ ಅಪಾಯವಾಗುತ್ತದೆ.

ಹೊಟ್ಟೆಯನ್ನು ಅಮುಕಿ ಮೊಟ್ಟೆಯನ್ನು ತಳ್ಳುವುದು, ಒಳಗೇ ಅದನ್ನು ಒಡೆಯುವುದು ಇವು ಹಳ್ಳಿಗಳಲ್ಲಿ ನಡೆಯುವ ದೊಡ್ಡ ತಪ್ಪುಗಳು. ಒಡೆದ ಚಿಪ್ಪಿನ ಚೂರುಗಳು ಅಂಡನಾಳವನ್ನು ಸೀಳಿ ಕೀವು ಕಟ್ಟಲು ಕಾರಣವಾಗುತ್ತವೆ. ಕೆಲವು ಗಂಟೆಗಳ ಆರೈಕೆಯ ನಂತರವೂ ಮೊಟ್ಟೆ ಬಾರದಿದ್ದರೆ ಅಥವಾ ಹೇಟೆ ಕುಸಿಯುತ್ತಿದ್ದರೆ ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಪೂರ್ಣವಾಗಿ ಸಿಕ್ಕಿಕೊಂಡ ಮೊಟ್ಟೆಯು ಒಂದೆರಡು ದಿನಗಳಲ್ಲಿಯೇ ಹೇಟೆಯ ಸಾವಿಗೆ ಕಾರಣವಾಗಬಹುದು.

ಅಂಡನಾಳ ಹೊರಬರುವುದು

ಗುದದ್ವಾರದ ಹೊರಗೆ ಕೆಂಪಾದ, ಹೊಳೆಯುವ, ತೇವವಾದ ಮಾಂಸದ ಉಂಡೆಯಂತೆ ಅಂಡನಾಳದ ಭಾಗವು ಕಾಣಿಸಿಕೊಳ್ಳುತ್ತದೆ. ಇದರಲ್ಲಿ ಮೊದಲ ಅಪಾಯ ಬರುವುದು ಜೊತೆಗಿರುವ ಕೋಳಿಗಳಿಂದ. ಕೆಂಪು ಬಣ್ಣವನ್ನು ಕಂಡೊಡನೆ ಅವು ಕುಕ್ಕಲು ತೊಡಗುತ್ತವೆ. ಒಮ್ಮೆ ರಕ್ತ ಬಂದರೆ ಹಿಂಡೆಲ್ಲವೂ ಮುತ್ತಿ, ಕರುಳನ್ನೇ ಹೊರಗೆಳೆದು ಕೊಲ್ಲುವುದುಂಟು. ಆದುದರಿಂದ ಚಿಕಿತ್ಸೆಯ ಮೊದಲ ಹೆಜ್ಜೆ ಹೇಟೆಯನ್ನು ಬೇರ್ಪಡಿಸುವುದೇ ಆಗಿದೆ. ಮಂಕರಿಯನ್ನು ಕವುಚಿ ಹಾಕಿ ಅದರಡಿಯಲ್ಲಿ ಇರಿಸಿದರೂ ಸಾಕು.

ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಸುಮಾರು 9 ಗ್ರಾಂ, ಎಂದರೆ ಒಂದೂವರೆ ಚಹಾ ಚಮಚದಷ್ಟು ಉಪ್ಪನ್ನು ಬೆರೆಸಿ, ಉಗುರುಬೆಚ್ಚಗಿರುವಾಗ ಹೊರಬಂದ ಭಾಗವನ್ನು ಮೃದುವಾಗಿ ತೊಳೆಯಬೇಕು. ಊತ ಹೆಚ್ಚಾಗಿದ್ದರೆ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕಲಸಿ ಆ ಭಾಗಕ್ಕೆ ಲೇಪಿಸಿ ಹತ್ತು ಹದಿನೈದು ನಿಮಿಷ ಬಿಡಬೇಕು. ಸಕ್ಕರೆಯು ಊದಿದ ಮಾಂಸದೊಳಗಿನ ನೀರನ್ನು ಹೊರಕ್ಕೆಳೆಯುವುದರಿಂದ ಊತ ತಗ್ಗುತ್ತದೆ. ಮತ್ತೆ ತೊಳೆದು, ಬೆರಳಿಗೆ ವ್ಯಾಸಲೀನು ಸವರಿಕೊಂಡು, ಬಲ ಹಾಕದೆ ನಿಧಾನವಾಗಿ ಒಳಗೆ ಸರಿಸಬೇಕು. ಒಳಗೆ ಮೊಟ್ಟೆ ಇದ್ದಲ್ಲಿ, ಅಥವಾ ಮಾಂಸವು ಕಪ್ಪಾಗಿ, ಒಣಗಿ, ಹರಿದುಹೋಗಿದ್ದಲ್ಲಿ ಈ ಪ್ರಯತ್ನ ಮಾಡದೆ ಪಶುವೈದ್ಯರಿಗೇ ಬಿಡಬೇಕು.

ಒಳಗೆ ಸರಿಸಿದ ಭಾಗವು ಮರುದಿನದ ಮೊಟ್ಟೆಯೊಡನೆ ಮತ್ತೆ ಹೊರಬರುವುದು ಸಾಮಾನ್ಯ. ಆದುದರಿಂದ ಕೆಲವು ದಿನ ಮೊಟ್ಟೆಯನ್ನೇ ನಿಲ್ಲಿಸುವುದು ಲೇಸು. ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಬೆಳಕು ಸಿಗದಂತೆ ಹೇಟೆಯನ್ನು ಮಬ್ಬು ಜಾಗದಲ್ಲಿರಿಸಿದರೆ ಮೊಟ್ಟೆಯು ತಾನಾಗಿ ನಿಲ್ಲುತ್ತದೆ. ನೀರಿಗೆ ಮಾತ್ರ ಯಾವ ಕೊರತೆಯೂ ಆಗಬಾರದು. ಸುಣ್ಣ, ಬೂದಿ, ಸೀಮೆಎಣ್ಣೆ, ತಂಬಾಕಿನ ನೀರು ಮುಂತಾದವನ್ನು ಹಚ್ಚುವ ರೂಢಿಯನ್ನು ಸಂಪೂರ್ಣವಾಗಿ ಕೈಬಿಡಬೇಕು. ಅವು ಹಸಿ ಮಾಂಸವನ್ನು ಸುಡುತ್ತವೆ. ಎರಡು ಮೂರು ಬಾರಿ ಮರುಕಳಿಸಿದ ಹೇಟೆಯು ಮೊಟ್ಟೆಗಾಗಿ ಇಟ್ಟುಕೊಳ್ಳಲು ಯೋಗ್ಯವಲ್ಲ.

ಗುದದ್ವಾರದ ಉರಿಯೂತ

ದ್ವಾರದ ಸುತ್ತ ಚರ್ಮವು ಕೆಂಪಾಗಿ, ಬಿಳಿ ಅಥವಾ ಹಳದಿ ಬಣ್ಣದ ಅಂಟುದ್ರವ ಸೋರಿ ಪುಕ್ಕಗಳಿಗೆ ಮೆತ್ತಿಕೊಂಡು, ದೂರದಿಂದಲೇ ತಿಳಿಯುವಂತಹ ದುರ್ವಾಸನೆ ಬರುತ್ತದೆ. ಬೂಷ್ಟು ಹಿಡಿದ ಮೇವು, ಕೊಳಕು ನೀರು, ಸದಾ ತೇವವಾಗಿರುವ ಗೂಡು, ಬಹುಕಾಲ ನೀಡಿದ ಜೀವಿರೋಧಕ ಔಷಧ ಇವುಗಳಿಂದ ಜೀರ್ಣಾಂಗದ ಸಮತೋಲ ಕೆಟ್ಟು, ಬೂಷ್ಟು ಅಥವಾ ಬ್ಯಾಕ್ಟೀರಿಯಗಳು ಬೆಳೆದು ಈ ತೊಂದರೆ ಉಂಟಾಗುತ್ತದೆ.

ಕೊಳೆಯಾದ ಪುಕ್ಕಗಳನ್ನು ಕತ್ತರಿಯಿಂದ ಕತ್ತರಿಸಬೇಕು, ಕೀಳಬಾರದು. ಬೆಚ್ಚಗಿನ ಉಪ್ಪುನೀರಿನಿಂದ ತೊಳೆದು ಒರಸಿ, ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ ದಿನಕ್ಕೊಮ್ಮೆ ಹಚ್ಚಬೇಕು. ಹೇಟೆಯನ್ನು ಹುಂಜದಿಂದ ದೂರವಿಡಬೇಕು. ನಾಲ್ಕೈದು ದಿನಗಳಲ್ಲಿ ಗುಣ ಕಾಣದಿದ್ದರೆ ಪಶುವೈದ್ಯರು ಕಾರಣವನ್ನು ಗುರುತಿಸಿ ಔಷಧ ಸೂಚಿಸುವರು. ಬೂಷ್ಟಿನಿಂದ ಬಂದ ಕಾಯಿಲೆಗೆ ಬ್ಯಾಕ್ಟೀರಿಯ ನಾಶಕ ಔಷಧ ಕೊಟ್ಟರೆ ಅದು ಗುಣವಾಗುವ ಬದಲು ಉಲ್ಬಣಿಸುತ್ತದೆ.

ಹೇನು ಮತ್ತು ನುಸಿ

ಗುದದ್ವಾರದ ಸುತ್ತಲಿನ ಚರ್ಮವು ಬೆಚ್ಚಗೆ, ತೇವವಾಗಿರುವುದರಿಂದ ಹೇನು ಮತ್ತು ನುಸಿಗಳಿಗೆ ಅದು ಮೆಚ್ಚಿನ ತಾಣ. ಹೇನುಗಳು ಪುಕ್ಕದ ಬುಡದಲ್ಲಿ ಬಿಳಿಯ ಗಂಟುಗಳಂತೆ ಮೊಟ್ಟೆಯಿಡುತ್ತವೆ. ರಕ್ತ ಹೀರುವ ನುಸಿಗಳಿಂದ ಹೇಟೆಯ ಜುಟ್ಟು ಬಿಳಿಚಿ, ಮೊಟ್ಟೆ ಕಡಿಮೆಯಾಗುತ್ತದೆ. ಒಂದು ಜಾತಿಯ ಕೆಂಪು ನುಸಿಯು ಹಗಲಿನಲ್ಲಿ ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಮಾತ್ರ ಹಕ್ಕಿಯ ಮೈಮೇಲೆ ಬರುತ್ತದೆ. ಆದುದರಿಂದ ಹಗಲಿನಲ್ಲಿ ಕೋಳಿಯ ಮೈ ನೋಡಿದರೆ ಸಾಲದು. ರಾತ್ರಿ ದೀಪ ಹಿಡಿದು ಗೂಡಿನ ಸಂದುಗಳನ್ನೂ ನೋಡಬೇಕು.

ಒಣ ಮಣ್ಣು ಮತ್ತು ಮರಳಿನ ಗುಂಡಿಯಲ್ಲಿ ಕೋಳಿಗಳು ಹೊರಳಾಡಲು ಅವಕಾಶವಿರಬೇಕು. ಹಾವಳಿ ಹೆಚ್ಚಾಗಿದ್ದರೆ ಪಶುವೈದ್ಯರು ಸೂಚಿಸಿದ ಪುಡಿಯನ್ನು ಹಚ್ಚಿ, ಹೊಸದಾಗಿ ಮರಿಯಾದ ಕೀಟಗಳು ನಾಶವಾಗಲು 7ರಿಂದ 10 ದಿನಗಳ ನಂತರ ಮತ್ತೊಮ್ಮೆ ಹಚ್ಚಬೇಕು. ಗೂಡನ್ನು ಖಾಲಿ ಮಾಡಿ ಬಿರುಕುಗಳನ್ನು ಮುಚ್ಚಿ ಸುಣ್ಣ ಬಳಿಯಬೇಕು. ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ಕೋಳಿಯ ಮೈಗೆ ಎಂದಿಗೂ ಹಚ್ಚಬಾರದು.

ಮನೆಯ ಆರೈಕೆಗೆ ನಿಲುಕದ ಕಾಯಿಲೆಗಳು

ಹಳದಿ ಭಂಡಾರವು ಅಂಡನಾಳವನ್ನು ಸೇರದೆ ಹೊಟ್ಟೆಯೊಳಗೆ ಬಿದ್ದು, ಅಲ್ಲಿ ಬ್ಯಾಕ್ಟೀರಿಯಗಳು ಬೆಳೆದರೆ ಹೊಟ್ಟೆಯ ಒಳಪೊರೆಗೆ ಉರಿಯೂತ ತಗಲುತ್ತದೆ. ಹೇಟೆಯ ಹೊಟ್ಟೆ ಊದಿ ಮೆತ್ತಗಾಗುತ್ತದೆ, ನಡಿಗೆ ಬಾತುಕೋಳಿಯಂತಾಗುತ್ತದೆ, ಜುಟ್ಟು ಬಣ್ಣಗೆಡುತ್ತದೆ. ಈ ಸ್ಥಿತಿಯಲ್ಲಿ ಬದುಕುವ ಹೇಟೆಗಳು ಕಡಿಮೆ. ಅದನ್ನು ದಿನಗಟ್ಟಲೆ ನರಳಲು ಬಿಡುವುದಕ್ಕಿಂತ ಪಶುವೈದ್ಯರ ಸಲಹೆಯಂತೆ ನೋವಿಲ್ಲದ ಅಂತ್ಯ ಕಾಣಿಸುವುದೇ ದಯೆ. ಅದರ ಮಾಂಸವನ್ನು ಉಪಯೋಗಿಸಬಾರದು.

ಮರಿಗಳ ಗುದದ್ವಾರಕ್ಕೆ ಬಿಳಿಯ ಹಿಕ್ಕೆ ಅಂಟಿ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ಚಳಿ ಅಥವಾ ಅತಿಯಾದ ಬಿಸಿಯಿಂದ ಆಗುತ್ತದೆ. ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ತೆಗೆದು, ಕಾವಿನ ಏರ್ಪಾಡನ್ನು ಸರಿಪಡಿಸಿದರೆ ಗುಣವಾಗುತ್ತದೆ. ಆದರೆ ಒಂದೇ ಹೇಟೆಯ ಮರಿಗಳು ಬಿಳಿ ಭೇದಿಯಿಂದ ಸಾಲಾಗಿ ಸಾಯತೊಡಗಿದರೆ ಅದು ಪುಲ್ಲೋರಂ ಎಂಬ ಕಾಯಿಲೆ ಆಗಿರಬಹುದು. ಇದರ ರೋಗಾಣುವು ತಾಯಿಯ ಅಂಡಾಶಯದಲ್ಲಿ ನೆಲೆಸಿ ಮೊಟ್ಟೆಯ ಮೂಲಕವೇ ಮರಿಗೆ ದಾಟುತ್ತದೆ. ತಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಅಂತಹ ಹೇಟೆಯ ಮೊಟ್ಟೆಗಳನ್ನು ಕಾವಿಗೆ ಇಡಬಾರದು.

ಇಡೀ ಹಿಂಡಿನಲ್ಲಿ ಮೊಟ್ಟೆಗಳು ಒಮ್ಮೆಲೇ ಕಡಿಮೆಯಾಗಿ, ಚಿಪ್ಪಿಲ್ಲದ ಅಥವಾ ಅಂಕುಡೊಂಕಾದ ಮೊಟ್ಟೆಗಳು ಬರತೊಡಗಿದರೆ ಅದು ಒಂದು ಹೇಟೆಯ ತೊಂದರೆಯಲ್ಲ. ಸಾಂಕ್ರಾಮಿಕ ರೋಗದ ಸೂಚನೆ. ಕರ್ನಾಟಕದಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗವು ಇವುಗಳಲ್ಲಿ ಮುಖ್ಯವಾದುದು. 1927ರಲ್ಲಿ ಇಂದಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಕಂಡುಬಂದುದರಿಂದ ಭಾರತದಲ್ಲಿ ಇದಕ್ಕೆ ಆ ಹೆಸರು ಬಂದಿತು. ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ರಕ್ಷಣೆ. ಮರಿಗೆ 5ರಿಂದ 7 ದಿನಗಳಾದಾಗ ಕಣ್ಣು ಅಥವಾ ಮೂಗಿಗೆ ಹನಿ ಲಸಿಕೆಯನ್ನೂ, 6ರಿಂದ 8 ವಾರಗಳಾದಾಗ ಆರ್2ಬಿ ಚುಚ್ಚುಮದ್ದನ್ನೂ ಹಾಕಿಸುವುದು ರೂಢಿಯಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿಯೂ ಪುಣೆಯ ಔಂಧ್‌ನಲ್ಲಿಯೂ ಪಶುಗಳಿಗೆ ಲಸಿಕೆ ತಯಾರಿಸುವ ಸರ್ಕಾರಿ ಸಂಸ್ಥೆಗಳಿವೆ.

ಕೋಳಿಗಳು ಹಠಾತ್ತನೆ ಗುಂಪುಗುಂಪಾಗಿ ಸತ್ತರೆ, ತಲೆ ಊದಿ ಜುಟ್ಟು ನೀಲಿಯಾದರೆ, ಹಕ್ಕಿಜ್ವರವನ್ನು ಶಂಕಿಸಬೇಕು. ಭಾರತದಲ್ಲಿ ಈ ರೋಗ ಮೊದಲು ದೃಢಪಟ್ಟುದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ್ ಜಿಲ್ಲೆಯ ನವಾಪುರದಲ್ಲಿ. ಇಂತಹ ಸಂದರ್ಭದಲ್ಲಿ ಸತ್ತ ಹಕ್ಕಿಗಳನ್ನು ಬರಿಗೈಯಿಂದ ಮುಟ್ಟದೆ ಕೂಡಲೇ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಕಾಯಿಲೆಯ ಕೋಳಿಯನ್ನು ಸಿಕ್ಕಷ್ಟು ಬೆಲೆಗೆ ಸಂತೆಯಲ್ಲಿ ಮಾರಿದರೆ ಒಂದು ಮನೆಯ ನಷ್ಟವು ಹತ್ತು ಊರುಗಳ ನಷ್ಟವಾಗಿ ಪರಿಣಮಿಸುತ್ತದೆ.

ಔಷಧ ಬಳಕೆಯಲ್ಲಿ ಎಚ್ಚರ

ಅಂಗಡಿಯಲ್ಲಿ ಕೇಳಿ ತಂದ ಜೀವಿರೋಧಕ ಔಷಧವನ್ನು ನೀರಿನಲ್ಲಿ ಬೆರೆಸಿ ಎಲ್ಲ ಕೋಳಿಗಳಿಗೂ ಕುಡಿಸುವುದು ಸರಿಯಲ್ಲ. ಸಿಕ್ಕಿಕೊಂಡ ಮೊಟ್ಟೆಗಾಗಲಿ ಹೇನಿಗಾಗಲಿ ಅದು ಔಷಧವೇ ಅಲ್ಲ. ಅನಗತ್ಯ ಬಳಕೆಯಿಂದ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತವೆ. ಈ ಕಾರಣದಿಂದಲೇ ಮನುಷ್ಯರ ಚಿಕಿತ್ಸೆಯಲ್ಲಿ ಕಡೆಯ ಆಸರೆಯಾದ ಕೊಲಿಸ್ಟಿನ್ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಮತ್ತು ಕೋಳಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿತು. ಚಿಕಿತ್ಸೆ ಪಡೆಯುತ್ತಿರುವ ಹೇಟೆಯ ಮೊಟ್ಟೆಯನ್ನು ಪಶುವೈದ್ಯರು ಹೇಳಿದಷ್ಟು ದಿನ ತಿನ್ನಬಾರದು, ಮಾರಬಾರದು.

ಮುಂಜಾಗ್ರತೆ

ಮೊಟ್ಟೆಯೊಂದರ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. 100 ಗ್ರಾಂ ಜೋಳದಲ್ಲಿ ದೊರೆಯುವುದು ಒಂದು ಗ್ರಾಂನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಧಾನ್ಯಗಳಲ್ಲಿ ಶ್ರೇಷ್ಠವೆನಿಸಿದ ರಾಗಿಯಲ್ಲಿ ಕೂಡ ಒಂದು ಗ್ರಾಂನ ಮೂರನೆಯ ಒಂದು ಭಾಗದಷ್ಟೇ. ಕೇವಲ ಕಾಳು, ಅನ್ನ, ರೊಟ್ಟಿಯ ಚೂರುಗಳನ್ನು ತಿಂದ ಹೇಟೆಯು ತನ್ನ ಮೂಳೆಯಿಂದಲೇ ಸುಣ್ಣದಂಶವನ್ನು ತೆಗೆದು ಚಿಪ್ಪು ಕಟ್ಟುತ್ತದೆ ಎಂಬುದನ್ನು ಇದರಿಂದ ತಿಳಿಯಬಹುದು. ಕಪ್ಪೆಚಿಪ್ಪಿನ ತರಿಯನ್ನು, ಅಥವಾ ಹುರಿದು ಕುಟ್ಟಿದ ಮೊಟ್ಟೆಯ ಚಿಪ್ಪನ್ನು, ಬೇರೆ ಪಾತ್ರೆಯಲ್ಲಿ ಇಟ್ಟರೆ ಹೇಟೆಯು ತನಗೆ ಬೇಕಾದಷ್ಟನ್ನು ತಾನೇ ಆರಿಸಿಕೊಳ್ಳುತ್ತದೆ. ಮೊಟ್ಟೆ ಆರಂಭಿಸದ ಎಳೆಯ ಮರಿಗಳಿಗೆ ಇದನ್ನು ಬೆರೆಸಿ ತಿನ್ನಿಸಬಾರದು.

ಗಿರಿರಾಜದಂತಹ ಭಾರವಾದ ತಳಿಗಳಿಗೆ ಅಡುಗೆಮನೆಯ ಅನ್ನವನ್ನು ಧಾರಾಳವಾಗಿ ಹಾಕಿದರೆ ಕೊಬ್ಬು ಬೆಳೆದು ಮೊಟ್ಟೆಯ ದಾರಿ ಕಿರಿದಾಗುತ್ತದೆ. ಸೊಪ್ಪು, ಹುಳುಹುಪ್ಪಟೆ ಮತ್ತು ಓಡಾಟ ಇವು ಅವಕ್ಕೆ ಅಗತ್ಯ. ಎಳೆಯ ಹೇಟೆಗಳು ಬೇಗ ಮೊಟ್ಟೆಯಿಡಲೆಂದು ಗೂಡಿನಲ್ಲಿ ರಾತ್ರಿ ದೀಪ ಉರಿಸಬಾರದು. ಮೈ ಬೆಳೆಯುವ ಮೊದಲೇ ಮೊಟ್ಟೆ ಬಂದರೆ ಅಂಡನಾಳ ಹೊರಬರುವ ಸಂಭವ ಹೆಚ್ಚು. ಶಿರೂರು, ವಿಜಯಪುರ, ಕಲಬುರಗಿಗಳಂತಹ ಒಣ ಪ್ರದೇಶಗಳ ಬೇಸಿಗೆಯಲ್ಲಿ ಹೇಟೆಗಳು ಮೇವು ಬಿಟ್ಟು ನೀರನ್ನೇ ಬಯಸುತ್ತವೆ. ಚಿಪ್ಪು ತೆಳುವಾಗುವುದೂ ಆಗಲೇ. ನೆರಳಿನಲ್ಲಿ ಮಣ್ಣಿನ ಪಾತ್ರೆಯಲ್ಲಿ ತಣ್ಣನೆಯ ನೀರಿಟ್ಟು, ಮೇವನ್ನು ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಹಾಕಬೇಕು. ಮೊಟ್ಟೆಯಿಡುವ ಜಾಗವು ಮಬ್ಬಾಗಿ, ಒಣಗಿದ ಹುಲ್ಲಿನಿಂದ ಕೂಡಿ, ಇತರ ಕೋಳಿಗಳ ಕಣ್ಣಿಗೆ ಬೀಳದಂತಿರಬೇಕು.

ಕೋಳಿಯ ಬೆಲೆ ಕಡಿಮೆಯೆಂದು ಅದಕ್ಕಾಗಿ ವೈದ್ಯರನ್ನು ಕೇಳಲು ಸಂಕೋಚಪಡುವವರು ಅನೇಕರಿದ್ದಾರೆ. ಆ ಸಂಕೋಚಕ್ಕೆ ಕಾರಣವಿಲ್ಲ. ಸಮೀಪದ ಪಶು ಚಿಕಿತ್ಸಾಲಯದಲ್ಲಿ ಸಲಹೆ ಪಡೆಯಬಹುದು. ಕರ್ನಾಟಕ ಮತ್ತು ಮಹಾರಾಷ್ಟ್ರಗಳೆರಡರಲ್ಲಿಯೂ 1962 ಎಂಬ ಶುಲ್ಕರಹಿತ ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶು ಚಿಕಿತ್ಸಾ ಘಟಕವನ್ನು ಸಂಪರ್ಕಿಸಬಹುದು. ಕರೆಮಾಡುವಾಗ ಹೇಟೆಯ ವಯಸ್ಸು, ಕೊನೆಯ ಮೊಟ್ಟೆಯಿಟ್ಟ ದಿನ, ಹಿಕ್ಕೆಯ ಬಣ್ಣ, ಎಷ್ಟು ಕೋಳಿಗಳಲ್ಲಿ ತೊಂದರೆ ಇದೆ ಎಂಬ ನಾಲ್ಕು ವಿಷಯಗಳನ್ನು ತಿಳಿಸಿದರೆ ವೈದ್ಯರಿಗೆ ಅನುಕೂಲ. ವಾರಕ್ಕೊಮ್ಮೆ ಸಂಜೆ ಹೇಟೆಯನ್ನು ಕೈಗೆತ್ತಿಕೊಂಡು ನೋಡುವ ಮನೆಯವರು ಈ ನಾಲ್ಕಕ್ಕೂ ತಡವರಿಸದೆ ಉತ್ತರ ಹೇಳಬಲ್ಲರು. ಚಿಕಿತ್ಸೆಯೂ ಕಾಲ ಮೀರುವ ಮುನ್ನವೇ ಆರಂಭವಾಗುತ್ತದೆ.